ನಾವು ಮತ್ತೆ ಮತ್ತೆ ನೋಡುವುದೇನನ್ನು?

ಸಿನಿಮಾದ ಕುರಿತು ನಮ್ಮ ಸಮುದಾಯದಲ್ಲಿ ಎರಡು ಭಾಷೆಗಳು ಚಾಲ್ತಿಯಲ್ಲಿವೆ. ಒಂದು ಮಿಂಬರಿನ ಭಾಷೆ, ಇನ್ನೊಂದು ಮೊಬೈಲಿನ ಭಾಷೆ. ಮಿಂಬರಿನ ಮೇಲೆ ನಿಂತವರು ಸಿನಿಮಾವನ್ನು ಮದ್ಯ, ಜೂಜು, ಬಡ್ಡಿಗಳ ಸಾಲಿನಲ್ಲಿಟ್ಟು ಒಂದೇ ಉಸಿರಿನಲ್ಲಿ ಖಂಡಿಸಿ ಕೆಳಗಿಳಿಯುತ್ತಾರೆ. ಕೆಳಗೆ ಕುಳಿತವರು ಗಂಭೀರವಾಗಿ ತಲೆಯಾಡಿಸುತ್ತಾರೆ. ಜುಮಾ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಜೇಬಿನಿಂದ ಫೋನು ಹೊರಬರುತ್ತದೆ, ಹಿಂದಿನ ರಾತ್ರಿ ಅರ್ಧಕ್ಕೆ ನಿಲ್ಲಿಸಿದ ಸಿನಿಮಾ ಅಲ್ಲಿಂದಲೇ ಮುಂದುವರಿಯುತ್ತದೆ. ಈ ಎರಡು ಭಾಷೆಗಳು ಪರಸ್ಪರ ಮಾತಾಡುವುದೇ ಇಲ್ಲ. ಸಿನಿಮಾ ನೋಡುವುದರಿಂದ ಆಗುವ ಹಾನಿಯ ಬಗ್ಗೆ ನಾವು ಬಹಳ ಕೇಳಿದ್ದೇವೆ. ಈ ಮೌನದಿಂದ ಆಗಿರುವ ಹಾನಿಯ ಬಗ್ಗೆ ಯಾರೂ ಹೇಳಿದ್ದನ್ನು ಕೇಳಿಲ್ಲ.

2025ರ ಆಗಸ್ಟ್ ತಿಂಗಳ ಒಂದು ಸಂಜೆ ನಾವು ಸಕಲೇಶಪುರದ ಬಳಿಯ ಆನೇಮಹಲ್‌ನಲ್ಲಿದ್ದೆವು. ಹಾಸನ-ಮಂಗಳೂರು ಹೆದ್ದಾರಿಯ ಪಕ್ಕದ ಒಂದು ಚಹಾದಂಗಡಿ. ಮಗ್ರಿಬ್ ಮುಗಿಸಿ ಬಂದವರು ಏಳೆಂಟು ಮಂದಿ. ಹೊರಗೆ ಜಡಿಮಳೆ. ಕಾಫಿ ತೋಟದಲ್ಲಿ ರೈಟರ್ ಆಗಿರುವವರೊಬ್ಬರು, ಪಿಕಪ್ ಓಡಿಸುವ ಯುವಕ, ಪದವಿ ಓದುವ ಹುಡುಗ, ಕಾಳುಮೆಣಸಿನ ವ್ಯಾಪಾರ ಮಾಡುವ ಹಿರಿಯರು. ಮಾತು ಕಾಫಿಯ ದರದಿಂದ ಆರಂಭವಾಗಿ, ತೋಟಕ್ಕೆ ನುಗ್ಗಿದ ಆನೆಗಳನ್ನು ಹಾದು, ಸಿನಿಮಾಕ್ಕೆ ಬಂದು ನಿಂತಿತು. ಜುಲೈ ಕೊನೆಯಲ್ಲಿ ಬಿಡುಗಡೆಯಾಗಿದ್ದ ‘ಸು ಫ್ರಮ್ ಸೋ’ ಚಿತ್ರವನ್ನು ಹುಡುಗರು ನೋಡಿ ಬಂದಿದ್ದರು. ನಕ್ಕು ನಕ್ಕು ಸಾಕಾಯಿತೆಂದರು. ಆಮೇಲೆ ಯಾರೋ ಕೇಳಿದರು: ಅತಿ ಹೆಚ್ಚು ಸಲ ನೋಡಿದ ಸಿನಿಮಾ ಯಾವುದು?

ಉತ್ತರಕ್ಕೆ ಒಬ್ಬರೂ ತಡಕಾಡಲಿಲ್ಲ. ಪಿಕಪ್ ಚಾಲಕ ‘ಕೆಜಿಎಫ್’ ಎರಡನೆಯ ಭಾಗವನ್ನು ಹನ್ನೊಂದು ಸಲ ನೋಡಿದ್ದಾನೆ. ತೋಟದ ರೈಟರ್ ‘ಮುಂಗಾರು ಮಳೆ’ಯನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಟ್ಟಿಲ್ಲ. ಕಾಲೇಜು ಹುಡುಗನದು ಮಲಯಾಳದ ‘ದೃಶ್ಯಂ’. ಬಹಳ ಹೊತ್ತು ಸುಮ್ಮನಿದ್ದ ಮೆಣಸಿನ ವ್ಯಾಪಾರಿ ಕೊನೆಗೆ ಗಡ್ಡ ನೀವಿಕೊಂಡು, ‘ನಿಕಾಹ್ ಅಂತ ಒಂದು ಬಂದಿತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ. ಮೂರು ಸಲ ಹೋಗಿದ್ದೆ, ಅಬ್ಬಾರಿಗೆ ತಿಳಿಯದ ಹಾಗೆ’ ಎಂದರು. ಹುಡುಗರು ಹೋ ಎಂದು ನಕ್ಕರು. ಮನೆಯ ಹೆಂಗಸರು ಏನು ನೋಡುತ್ತಾರೆಂದು ಕೇಳಿದೆವು. ‘ಅವರದ್ದು ಸೀರಿಯಲ್ ಬಿಡಿ ಭಾಯ್’ ಎಂಬಲ್ಲಿಗೆ ಆ ವಿಷಯ ಮುಗಿಯಿತು. ‘ಹಸೀನಾ’ ನೋಡಿದ್ದೀರಾ ಎಂದು ಕೇಳಿದಾಗ ಬಂದ ಪ್ರತ್ಯುತ್ತರ ನಮ್ಮನ್ನು ಈ ಲೇಖನ ಬರೆಯುವಂತೆ ಮಾಡಿತು: ‘ಯಾವ ಹಸೀನಾ? ಶೇಖ್ ಹಸೀನಾನಾ?’

ಅಲ್ಲಿದ್ದವರನ್ನು ಹಂಗಿಸುವುದು ನಮ್ಮ ಉದ್ದೇಶವಲ್ಲ. ಮಂಗಳೂರಿನಲ್ಲಾಗಲಿ ಭಟ್ಕಳದಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಕೇಳಿದ್ದರೂ ಉತ್ತರ ಬೇರೆಯಾಗುತ್ತಿರಲಿಲ್ಲವೆಂದೇ ನಮ್ಮ ಅಂದಾಜು. ಆದರೆ ಹಾಸನ ಜಿಲ್ಲೆಯ ಮುಸಲ್ಮಾನರಿಗೆ ‘ಹಸೀನಾ’ ಗೊತ್ತಿಲ್ಲವೆಂದರೆ ಅದರಲ್ಲಿ ಒಂದು ವಿಶೇಷ ನೋವಿದೆ. ಅದರ ಕಥೆ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ಬರೆದವರು ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್. ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ಚಿತ್ರ ಮಾಡಿದರು. ಕುಟುಂಬ ಕಲ್ಯಾಣ ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ನಾಯಕಿಯಾಗಿ ನಟಿಸಿದ ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. 2025ರ ಮೇ 20ರಂದು ಲಂಡನ್‌ನಲ್ಲಿ ಬಾನು ಮುಷ್ತಾಕ್ ಹಾಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದುಕೊಟ್ಟ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಇದೇ ಕಥೆಯೂ ಇದೆ. ಪ್ರಶಸ್ತಿ ಬಂದಾಗ ನಮ್ಮ ಸಂಘಟನೆಗಳು ಶಾಲು ಹೊದಿಸಲು ಮುಗಿಬಿದ್ದವು. ಶಾಲು ಹೊದಿಸಿದವರಲ್ಲಿ ಎಷ್ಟು ಮಂದಿ ಆ ಕಥೆಯನ್ನು ಓದಿದ್ದರು, ಎಷ್ಟು ಮಂದಿ ಆ ಚಿತ್ರವನ್ನು ನೋಡಿದ್ದರು ಎಂದು ಕೇಳುವುದು ಅಸಭ್ಯವಾದೀತೇನೋ. ಆದರೂ ಕೇಳುತ್ತೇವೆ.

ಒಂದು ಚಿತ್ರವನ್ನು ಒಮ್ಮೆ ನೋಡುವುದು ಕುತೂಹಲದಿಂದ. ಗೆಳೆಯರು ಎಳೆದುಕೊಂಡು ಹೋಗಿರಬಹುದು, ಮಳೆಗಾಲದ ರಜೆ ಬೇಸರ ತಂದಿರಬಹುದು. ಎರಡನೆಯ ಸಲ ನೋಡುವುದು ಆಯ್ಕೆ. ಹನ್ನೊಂದನೆಯ ಸಲ ನೋಡುವುದಕ್ಕೆ ಏನೆನ್ನಬೇಕು? ಮದ್ರಸಾದ ಹಿಫ್ಝ್ ತರಗತಿಯಲ್ಲಿ ಕುಳಿತವರಿಗೆ ಅದರ ಹೆಸರು ಗೊತ್ತಿದೆ. ಅಲ್ಲಿ ಹೊಸ ಪಾಠಕ್ಕಿಂತ ಹಳೆಯದರ ಪುನರಾವರ್ತನೆಗೆ, ಅಂದರೆ ದೌರ್‌ಗೆ, ಹೆಚ್ಚು ಸಮಯ ಮೀಸಲು. ಮರಳಿ ಮರಳಿ ಓದಿದ್ದು ನಾಲಗೆಯಿಂದ ಎದೆಗಿಳಿಯುತ್ತದೆ ಎಂಬುದು ನಮ್ಮ ಉಸ್ತಾದರುಗಳ ಅನುಭವ. ಪವಿತ್ರ ಕುರ್‌ಆನ್‌ನಲ್ಲಿ ಪ್ರವಾದಿ ಮೂಸಾ(ಅ) ಅವರ ವೃತ್ತಾಂತ ಎಷ್ಟೊಂದು ಅಧ್ಯಾಯಗಳಲ್ಲಿ ಮರಳಿ ಬರುತ್ತದೆಂದು ಎಣಿಸಿ ನೋಡಿ. ಪುನರಾವರ್ತನೆಗೆ ಮನುಷ್ಯನನ್ನು ರೂಪಿಸುವ ಶಕ್ತಿಯಿದೆಯೆಂದು ನಮ್ಮಷ್ಟು ಚೆನ್ನಾಗಿ ಬಲ್ಲ ಸಮುದಾಯ ಇನ್ನೊಂದಿರಲಾರದು. ಹಾಗಿದ್ದೂ ನಮ್ಮ ಮಕ್ಕಳು ಯಾವುದರ ದೌರ್ ಮಾಡುತ್ತಿದ್ದಾರೆಂದು ವಿಚಾರಿಸುವ ಗೊಡವೆಗೆ ನಾವು ಹೋಗಿಲ್ಲ.

ಆ ಪಿಕಪ್ ಚಾಲಕನಿಗೆ ‘ಕೆಜಿಎಫ್’ನ ಸಂಭಾಷಣೆಗಳೆಲ್ಲ ಕಂಠಪಾಠ. ಹೇಳಿಯೂ ತೋರಿಸಿದ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗ ಬಂದವು. ಕನ್ನಡ ಚಿತ್ರವೊಂದನ್ನು ಇಡೀ ದೇಶ ತಿರುಗಿ ನೋಡುವಂತೆ ಮಾಡಿದ ಆ ಸಾಹಸವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆತನನ್ನು ಒಂದು ಪ್ರಶ್ನೆ ಕೇಳಿದೆವು: ಅದರಲ್ಲಿ ನಮ್ಮವರು ಯಾರ್‍ಯಾರು ಇದ್ದಾರೆ? ಸ್ವಲ್ಪ ಯೋಚಿಸಿ ಹೇಳಿದ. ನಾಯಕನನ್ನು ಸಲಹುವ ಖಾಸಿಂ ಚಾಚಾ ಇದ್ದಾನೆ. ದುಬೈಯಲ್ಲಿ ಕುಳಿತ ಕಳ್ಳಸಾಗಣೆಯ ದೊರೆ ಇನಾಯತ್ ಖಲೀಲ್ ಇದ್ದಾನೆ. ನಾಯಕನ ಪಡೆಗೆ ಸೇರಿ ಸಾಯುವ ಫರ್ಹಾನ್ ಎಂಬ ಹುಡುಗನಿದ್ದಾನೆ, ಅವನ ತಾಯಿಯ ಗೋಳಿದೆ. ಗಮನಿಸಿ: ನಿಷ್ಠಾವಂತ ಮುದುಕ, ದುಬೈಯ ಡಾನ್, ಪ್ರಾಣ ಕೊಡುವ ಬಾಲಕ. ಹಲವು ದಶಕಗಳಿಂದ ಜನಪ್ರಿಯ ಸಿನಿಮಾ ಮುಸಲ್ಮಾನನಿಗೆ ಮತ್ತೆ ಮತ್ತೆ ಕೊಡುತ್ತ ಬಂದಿರುವುದು ಇಂತಹ ಮೂರು ಕುರ್ಚಿಗಳನ್ನೇ. ಹನ್ನೊಂದು ಸಲ ನೋಡಿದ ಹುಡುಗನಿಗೆ ಇದು ಹನ್ನೊಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ನಾವು ಕೇಳಿದ ಮೇಲೆ ಅವನು ಒಂದು ಕ್ಷಣ ಸುಮ್ಮನಾದ. ‘ಹೌದಲ್ಲ ಭಾಯ್’ ಎಂದ. ಅಷ್ಟೇ ಸಾಕಿತ್ತು! ಒಂದು ಪ್ರಶ್ನೆಯಿಂದ ಆಗುವ ಕೆಲಸ ನೂರು ಖಂಡನೆಗಳಿಂದ ಆಗುವುದಿಲ್ಲ.

‘ಮುಂಗಾರು ಮಳೆ’ಯ ಮಾತು ಬೇರೆ. 2006ರ ಡಿಸೆಂಬರ್ 29ರಂದು ತೆರೆಕಂಡ ಯೋಗರಾಜ್ ಭಟ್ಟರ ಈ ಚಿತ್ರದಲ್ಲಿ ಸುರಿಯುವುದು ಇದೇ ಸಕಲೇಶಪುರದ, ಕೊಡಗಿನ, ಜೋಗದ ಮಳೆ. ತಮ್ಮೂರಿನ ಮಂಜು, ತಮ್ಮೂರಿನ ತೋಟ ತೆರೆಯ ಮೇಲೆ ಬಂದರೆ ಯಾರಿಗೆ ಪ್ರೀತಿಯಾಗದು? ಹೊಡೆದಾಟಗಳ ಭರಾಟೆಯಲ್ಲಿದ್ದ ಚಿತ್ರರಂಗಕ್ಕೆ ತ್ಯಾಗ ಮಾಡುವ ನಾಯಕನನ್ನು ಅದು ಕೊಟ್ಟಿತು. ಆದರೆ ಅಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ನಾಯಕ ತ್ಯಾಗ ಮಾಡಿ ದೊಡ್ಡವನಾಗುತ್ತಾನೆ, ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ಆ ಹುಡುಗಿಯ ಇಚ್ಛೆ ಎಲ್ಲಿ ಹೋಯಿತು? ಆಕೆಯ ಬದುಕಿನ ತೀರ್ಮಾನವನ್ನು ಇಬ್ಬರು ಗಂಡಸರ ಔದಾರ್ಯಕ್ಕೆ ಬಿಟ್ಟದ್ದು ಸರಿಯೇ? ವಧುವಿನ ಸಮ್ಮತಿಯಿಲ್ಲದೆ ನಿಕಾಹ್ ಇಲ್ಲವೆಂದು ಕಲಿತ ಸಮುದಾಯದ ಪ್ರೇಕ್ಷಕನಿಗೆ ಈ ಪ್ರಶ್ನೆ ಎಲ್ಲರಿಗಿಂತ ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಕೆಂದರೆ ಸಿನಿಮಾ ನೋಡುವಾಗ ನಾವು ನಮ್ಮ ದೀನನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗುತ್ತೇವೆ. ಹೇಗಿದ್ದರೂ ಹರಾಮ್ ತಾನೇ, ಇನ್ನು ಅದರಲ್ಲಿ ಒಳ್ಳೆಯದು ಕೆಟ್ಟದ್ದೆಂಬ ವಿವೇಚನೆ ಏಕೆ? ಸಾರಾಸಗಟು ನಿಷೇಧದಿಂದ ಹುಟ್ಟಿದ ಉದಾಸೀನ ಇದು.

ಇಲ್ಲಿ ನಮ್ಮ ವಿದ್ವಾಂಸರೊಡನೆ ವಿನಯದಿಂದಲೇ ಜಗಳವಾಡಬೇಕಾಗಿದೆ. ಅಶ್ಲೀಲತೆ, ನಗ್ನತೆ, ಕೊಲೆಯ ವೈಭವೀಕರಣಗಳಿಗೆ ಇಸ್ಲಾಮಿನಲ್ಲಿ ಅವಕಾಶವಿಲ್ಲ, ಈ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ನೋಟವೇ, ಮನರಂಜನೆಯೇ ನಿಷಿದ್ಧವೇ? ಹಬ್ಬದ ದಿನ ಮಸೀದಿಯ ಅಂಗಳದಲ್ಲಿ ಅಬಿಸೀನಿಯಾದವರು ಈಟಿಯಾಟ ಆಡುತ್ತಿದ್ದಾಗ ಪ್ರವಾದಿ(ಸ) ಅವರು ಆಯಿಶಾ(ರ) ಅವರಿಗೆ ಮರೆಯಾಗಿ ನಿಂತು, ಅವರಿಗೇ ಸಾಕೆನಿಸುವವರೆಗೂ ಅದನ್ನು ನೋಡಲು ಬಿಟ್ಟ ಪ್ರಸಂಗ ಬುಖಾರಿಯಲ್ಲಿದೆ. ಮದ್ರಸಾಗಳಲ್ಲಿ ನಾವಿದನ್ನು ಓದುತ್ತೇವೆ. ಓದಿ, ಪರೀಕ್ಷೆ ಬರೆದು, ಮುಚ್ಚಿಡುತ್ತೇವೆ. ಪತ್ನಿಯ ಆಸಕ್ತಿಗಾಗಿ ಮಸೀದಿಯಲ್ಲಿ ತಾಳ್ಮೆಯಿಂದ ನಿಂತ ಪತಿಯ ಚಿತ್ರವನ್ನು ‘ಅವರದ್ದು ಸೀರಿಯಲ್ ಬಿಡಿ’ ಎಂದ ನಮ್ಮ ಗಂಡಸರ ಮುಂದಿಡುವ ಖತೀಬರು ಎಷ್ಟು ಮಂದಿ? ಧ್ವನಿವರ್ಧಕದಲ್ಲಿ ಅಝಾನ್ ಕೊಡುವುದೇ ತಪ್ಪೆಂಬ ಕಾಲವಿತ್ತು. ಭಾವಚಿತ್ರ ತೆಗೆಸುವುದು ಪಾಪವೆಂಬ ಕಾಲವಿತ್ತು. ಇಂದು ಭಾವಚಿತ್ರವಿಲ್ಲದೆ ಹಜ್ಜಿಗೆ ಪಾಸ್‌ಪೋರ್ಟ್ ಸಿಗುವುದಿಲ್ಲ, ಸಿನಿಮಾದ ವಿರುದ್ಧದ ಪ್ರವಚನವೂ ಯೂಟ್ಯೂಬಿನಲ್ಲಿ ವೀಡಿಯೊ ಆಗಿಯೇ ಬರುತ್ತದೆ, ನಡುವೆ ಸಿನಿಮಾದ ಜಾಹೀರಾತಿನೊಂದಿಗೆ! ಸಾಧನ ಬಂದೇ ಬರುತ್ತದೆ. ಅದನ್ನು ಬಳಸುವವನಿಗೆ ವಿವೇಕ ಕಲಿಸುವ ಹೊಣೆಯಿಂದ ಜಾರಿಕೊಳ್ಳಲು ಫತ್ವಾ ಒಂದು ಸುಲಭ ದಾರಿಯಾಗಬಾರದು.

ಹಾಗೆಂದು ಸಮುದಾಯ ಸಿನಿಮಾದ ಬಗ್ಗೆ ಎಂದೂ ಬಾಯಿ ತೆರೆಯುವುದಿಲ್ಲವೆಂದಲ್ಲ. ಸಿಟ್ಟು ಬಂದಾಗ ತೆರೆಯುತ್ತದೆ. 2013ರಲ್ಲಿ ‘ವಿಶ್ವರೂಪಂ’ ವಿರುದ್ಧ ತಮಿಳುನಾಡಿನಲ್ಲಿ ಬೀದಿಗಿಳಿದೆವು. ಎರಡು ವಾರ ತಡೆಯಾಯಿತು, ಆಮೇಲೆ ಬಿಡುಗಡೆಯಾಯಿತು, ನಮ್ಮ ಪ್ರತಿಭಟನೆಯೇ ಅದಕ್ಕೆ ಪುಕ್ಕಟೆ ಪ್ರಚಾರವಾಯಿತು. 2022ರ ಮಾರ್ಚ್‌ನಲ್ಲಿ ‘ದಿ ಕಾಶ್ಮೀರ್ ಫೈಲ್ಸ್’ ಬಂದಾಗ ಕರ್ನಾಟಕದ ಅಂದಿನ ಸರಕಾರ ಅದಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಅದೇ ತಿಂಗಳ 15ರಂದು ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟಿನ ತೀರ್ಪು ಬಂತು. ಆ ವಾರ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗಿದ್ದರು, ಥಿಯೇಟರಿನ ಒಳಗಿನಿಂದ ಘೋಷಣೆಗಳು ಕೇಳಿಬರುತ್ತಿದ್ದವು. 2023ರ ಮೇ 5ರಂದು ‘ದಿ ಕೇರಳ ಸ್ಟೋರಿ’ ತೆರೆಕಂಡ ದಿನವೇ ಪ್ರಧಾನಿಯವರು ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಅದನ್ನು ಪ್ರಸ್ತಾಪಿಸಿದರು. ಮೂವತ್ತೆರಡು ಸಾವಿರ ಯುವತಿಯರ ಮತಾಂತರವೆಂಬ ಲೆಕ್ಕಕ್ಕೆ ಅಧಿಕೃತ ದತ್ತಾಂಶವಿಲ್ಲ, ಚಿತ್ರ ಕಾಲ್ಪನಿಕ ನಿರೂಪಣೆ ಎಂಬ ಸೂಚನೆ ತೋರಿಸುವಂತೆ ಸುಪ್ರೀಂ ಕೋರ್ಟು ಅದೇ ತಿಂಗಳು ಹೇಳಬೇಕಾಯಿತು. ಆದರೂ 2025ರ ಆಗಸ್ಟ್ 1ರಂದು ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಅದೇ ಚಿತ್ರಕ್ಕೆ ಸಂದಿತು. 2024ರ ಜೂನ್‌ನಲ್ಲಿ ‘ಹಮಾರೇ ಬಾರಾ’ ಚಿತ್ರದ ಪ್ರದರ್ಶನವನ್ನು ಕರ್ನಾಟಕ ಸರಕಾರ ಎರಡು ವಾರ ತಡೆಹಿಡಿದಾಗ ನಮ್ಮವರು ಸಿಹಿ ಹಂಚುವಷ್ಟು ಸಂತೋಷಪಟ್ಟರು. ಅಷ್ಟರಲ್ಲಿ ಬಾಂಬೆ ಹೈಕೋರ್ಟು ಕೆಲವು ಕತ್ತರಿಗಳೊಂದಿಗೆ ಅದರ ಬಿಡುಗಡೆಗೆ ಅನುಮತಿ ಕೊಟ್ಟಿತು.

ಈ ಚಿತ್ರಗಳು ದ್ವೇಷದ ಸರಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸರಕಾರವೇ ಅವುಗಳ ಬೆನ್ನಿಗೆ ನಿಂತಾಗ ನಮ್ಮ ನೋವು ಸಹಜ. ಆದರೆ ಒಂದು ಲೆಕ್ಕ ಹಾಕೋಣ. ನಿಷೇಧಿಸಿ ಎಂಬ ಕೂಗಿಗೆ ನಾವು ವ್ಯಯಿಸಿದ ಶಕ್ತಿಯ ನೂರರಲ್ಲೊಂದು ಪಾಲನ್ನು, ನೋಡಿ ಎಂಬ ಮಾತಿಗೆ ವ್ಯಯಿಸಿದ್ದೇವೆಯೇ?

2023ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ‘ಕೇರಳ ಸ್ಟೋರಿ’ ಬಂದ ಎರಡು ವಾರಗಳಲ್ಲಿ, ಮೇ 19ರಂದು, ‘ಡೇರ್‌ಡೆವಿಲ್ ಮುಸ್ತಫಾ’ ಎಂಬ ಕನ್ನಡ ಚಿತ್ರ ಬಂತು. ಸಕಲೇಶಪುರದ ಪಕ್ಕದ ತಾಲೂಕು ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಕಥೆ ಅದು. ಅಬಚೂರು ಎಂಬ ಮಲೆನಾಡಿನ ಊರಿನ ಕಾಲೇಜಿಗೆ ಮೊದಲ ಸಲ ಒಬ್ಬ ಮುಸ್ಲಿಮ್ ವಿದ್ಯಾರ್ಥಿ ಬರುತ್ತಾನೆ. ಉಳಿದ ಹುಡುಗರಿಗೆ ಅವನ ಟೋಪಿ, ಅತ್ತರು, ಉದ್ದನೆಯ ಹೆಸರು ಎಲ್ಲವೂ ವಿಚಿತ್ರ. ಅನುಮಾನ, ಗೇಲಿ, ಜಗಳ, ಕೊನೆಗೆ ಗೆಳೆತನ. ಅದನ್ನು ನಿರ್ಮಿಸಿದ್ದು ಯಾರು? ತೇಜಸ್ವಿಯವರನ್ನು ಓದಿ ಮೆಚ್ಚಿದ ನೂರು ಮಂದಿ ತಮ್ಮ ಕೈಯಿಂದ ಹಣ ಹಾಕಿ. ಅರ್ಪಿಸಿದವರು ನಮ್ಮ ಹಾಸನ ಜಿಲ್ಲೆಯದೇ ಅರಸೀಕೆರೆ ಕಡೆಯ ನಟ ಡಾಲಿ ಧನಂಜಯ. ಆಗ ತಾನೇ ಬಂದ ಹೊಸ ಸರಕಾರ ಇದಕ್ಕೂ ತೆರಿಗೆ ವಿನಾಯಿತಿ ಕೊಟ್ಟಿತು. ದ್ವೇಷದ ಚಿತ್ರಕ್ಕೆ ಜನರನ್ನು ಬಸ್ಸುಗಳಲ್ಲಿ ತುಂಬಿಸಿ ಕರೆದೊಯ್ದವರಿದ್ದರು. ಮುಸ್ತಫಾನನ್ನು ನೋಡಲು ನಮ್ಮ ಯಾವ ಜಮಾಅತ್ ಒಂದು ಟೆಂಪೊ ಮಾಡಿಸಿತು? ಆನೇಮಹಲ್‌ನ ಆ ಕಾಲೇಜು ಹುಡುಗ ಅದನ್ನು ಫೋನಿನಲ್ಲಿ ಅರ್ಧ ನೋಡಿದ್ದ. ಪೂರ್ತಿ ಏಕೆ ನೋಡಲಿಲ್ಲವೆಂದರೆ, ‘ಫೈಟ್ ಇಲ್ಲ ಭಾಯ್’ ಎಂದ.

ಈಗ ‘ಹಸೀನಾ’ಗೆ ಬರೋಣ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಬಡ ಹೆಂಗಸು, ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಿ ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಮುತವಲ್ಲಿ ನಾಳೆ ಬಾ ಎನ್ನುತ್ತಾನೆ. ಇಷ್ಟು ಹೇಳಿದರೆ ಸಾಕು, ನಮ್ಮ ಓದುಗರಲ್ಲಿ ಪ್ರತಿಯೊಬ್ಬರಿಗೂ ತಮ್ಮ ಮೊಹಲ್ಲಾದ ಒಂದಾದರೂ ಮುಖ ನೆನಪಿಗೆ ಬರುತ್ತದೆ. ಈ ಚಿತ್ರದ ಮಾತೆತ್ತಿದರೆ ನಮ್ಮ ಹಿರಿಯರು ಹೇಳುವುದು ಒಂದೇ: ಮನೆಯ ಕೊಳಕನ್ನು ಬೀದಿಯಲ್ಲಿ ಒಗೆದರು, ಅನ್ಯರ ಮುಂದೆ ನಮ್ಮ ಮಾನ ಹೋಯಿತು. ಮಾನ ಹೋದದ್ದು ಯಾವಾಗ? ಆಕೆ ಮಸೀದಿಯ ಮೆಟ್ಟಿಲ ಮೇಲೆ ಕುಳಿತಾಗಲೋ, ಅದನ್ನು ಕ್ಯಾಮೆರಾ ಹಿಡಿದಾಗಲೋ? ಆ ಹೆಂಗಸು ಶರೀಅತ್ತನ್ನು ಧಿಕ್ಕರಿಸಿ ಬಂದವಳಲ್ಲ. ಶರೀಅತ್ ತನಗೆ ಕೊಟ್ಟದ್ದನ್ನು ಕೇಳಲು ಬಂದವಳು. ಪತ್ನಿ ಮತ್ತು ಮಕ್ಕಳ ನಫಖಾ ಗಂಡಸಿನ ಮೇಲೆ ಕಡ್ಡಾಯವೆಂಬುದರಲ್ಲಿ ನಾಲ್ಕು ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಎರಡನೆಯ ಮದುವೆಗೆ ಕುರ್‌ಆನ್ ವಿಧಿಸಿದ ನ್ಯಾಯದ ಷರತ್ತು ಎಷ್ಟು ಬಿಗಿಯಾದುದೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅದನ್ನು ಜಾರಿಗೊಳಿಸಬೇಕಾದ ಮುತವಲ್ಲಿ ಮುಖ ತಿರುಗಿಸಿದರೆ ಶರೀಅತ್ತಿಗೆ ದ್ರೋಹ ಮಾಡಿದವನು ಅವನು. ಕಥೆ ಬರೆದವರ ಮೇಲೆ, ಚಿತ್ರ ತೆಗೆದವರ ಮೇಲೆ ನಾವು ತೋರಿಸುವ ಕೋಪದಲ್ಲಿ ಅರ್ಧವನ್ನಾದರೂ ಆ ಮುತವಲ್ಲಿಗಳ ಮೇಲೆ ತೋರಿಸಿದ್ದರೆ 2017ರ ಸುಪ್ರೀಂ ಕೋರ್ಟ್ ತೀರ್ಪಾಗಲಿ 2019ರ ತಲಾಖ್ ಕಾಯ್ದೆಯಾಗಲಿ ನಮ್ಮ ಬಾಗಿಲಿಗೆ ಆ ರೀತಿಯಲ್ಲಿ ಬರುತ್ತಿತ್ತೇ? ನಮ್ಮ ಮನೆಯನ್ನು ನಾವು ಗುಡಿಸದಿದ್ದರೆ ಗುಡಿಸುವ ನೆಪದಲ್ಲಿ ಒಳನುಗ್ಗಲು ಹೊರಗೆ ಜನ ಕಾಯುತ್ತಿರುತ್ತಾರೆ.

ಬಾನು ಮುಷ್ತಾಕ್ ಅವರೊಂದಿಗೆ ಈ ಸಮುದಾಯ ನಡೆದುಕೊಂಡದ್ದನ್ನೂ ಇಲ್ಲಿ ನೆನಪಿಸಬೇಕು. 2000ದಲ್ಲಿ, ಮಹಿಳೆಯರಿಗೆ ಮಸೀದಿಯಲ್ಲಿ ನಮಾಝ್ ಮಾಡುವ ಹಕ್ಕಿದೆ ಎಂದದ್ದಕ್ಕೆ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಬೆದರಿಕೆಗಳು ಬಂದವು, ಒಬ್ಬಾತ ಚೂರಿ ಹಿಡಿದು ಬಂದ. ಅವರ ಎಲ್ಲ ನಿಲುವುಗಳೂ ನಮಗೆ ಒಪ್ಪಿಗೆಯೆಂದು ನಾವು ಹೇಳುತ್ತಿಲ್ಲ. ಆದರೆ ಪ್ರವಾದಿ(ಸ) ಅವರ ಮಸೀದಿಯಲ್ಲಿ ಮಹಿಳೆಯರು ನಮಾಝ್ ಮಾಡುತ್ತಿದ್ದರೆಂಬುದು ನಮ್ಮ ಗ್ರಂಥಗಳೇ ಹೇಳುವ ಸಂಗತಿ. ಅದನ್ನು ಹೇಳಿದವರನ್ನು ಬಹಿಷ್ಕರಿಸಿದ ನಾವು, ಬೂಕರ್ ಬಂದ ಮೇಲೆ ನಮ್ಮ ಮಗಳು ಎಂದೆವು. 2025ರ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಅವರು ಮುಸ್ಲಿಮ್ ಎಂಬ ಕಾರಣಕ್ಕೆ ತಡೆಯಲು ಕೆಲವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಅಲ್ಲಿ ಅರ್ಜಿ ತಿರಸ್ಕೃತವಾಯಿತು. ಒಬ್ಬ ಲೇಖಕಿಯನ್ನು ಮಸೀದಿಯ ಹೆಸರಿನಲ್ಲಿ ನಾವು ದೂಡಿದೆವು, ಗುಡಿಯ ಹೆಸರಿನಲ್ಲಿ ಅವರು ದೂಡಲು ನೋಡಿದರು. ಆಕೆ ಬರೆಯುತ್ತಲೇ ಇದ್ದರು.

ಕಾಸರವಳ್ಳಿಯವರದೇ ಇನ್ನೊಂದು ಚಿತ್ರ ‘ಗುಲಾಬಿ ಟಾಕೀಸ್’, 2008ರಲ್ಲಿ ತೆರೆಕಂಡದ್ದು. ನಮ್ಮ ಇಂದಿನ ವಿಷಯಕ್ಕೆ ಇದಕ್ಕಿಂತ ಹತ್ತಿರದ ಚಿತ್ರವಿಲ್ಲ. ವೈದೇಹಿಯವರ ಕಥೆಯನ್ನು ಆಧಾರವಾಗಿಟ್ಟುಕೊಂಡು, ಅದನ್ನು ಬಹಳವಾಗಿ ಬದಲಿಸಿ, ಕಾರ್ಗಿಲ್ ಯುದ್ಧದ ದಿನಗಳ ಕುಂದಾಪುರ ಕಡೆಯ ಕಡಲ ಕರೆಗೆ ತಂದಿದ್ದಾರೆ. ಗುಲಾಬಿ ಎಂಬಾಕೆ ಸೂಲಗಿತ್ತಿ, ಮುಸ್ಲಿಮ್, ಗಂಡ ಬಿಟ್ಟವಳು, ಸಿನಿಮಾದ ಹುಚ್ಚಿ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಆಕೆಗೆ ಒಂದು ಬಣ್ಣದ ಟಿವಿ, ಡಿಶ್ ಸಿಗುತ್ತದೆ. ಊರಿನಲ್ಲಿ ಯಾರ ಮನೆಯಲ್ಲೂ ಇಲ್ಲದ ವಸ್ತು. ಮೊಗವೀರ ಹೆಂಗಸರು ಮೊದಲು ಹಿಂಜರಿಯುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಬ್ಯಾರ್ತಿಯ ಮನೆಯ ಹೊಸ್ತಿಲು ದಾಟಿ ಬಂದು ಚಾಪೆಯ ಮೇಲೆ ಕೂರುತ್ತಾರೆ. ನೋಡುತ್ತ ನೋಡುತ್ತ ತಮ್ಮ ತಮ್ಮ ದುಃಖಗಳನ್ನು ಹೇಳಿಕೊಳ್ಳುತ್ತಾರೆ. ಅದೇ ಟಿವಿಯೊಳಗಿನಿಂದ ಯುದ್ಧದ ಸುದ್ದಿಯೂ ಬರುತ್ತದೆ. ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಬಳಿಯಲಾಗುತ್ತದೆ. ಒಬ್ಬ ಯುವತಿ ಕಾಣೆಯಾದಾಗ ಬೆರಳು ಗುಲಾಬಿಯತ್ತ ತಿರುಗುತ್ತದೆ. ಕೊನೆಗೆ ಆಕೆಯನ್ನೇ ಊರಿನಿಂದ ಹೊರಹಾಕಲಾಗುತ್ತದೆ. ಕಾಲೇಜು ಹುಡುಗ ಮೆಚ್ಚಿದ ‘ದೃಶ್ಯಂ’ನಲ್ಲಿ ಕೇಬಲ್ ಟಿವಿಯವನೊಬ್ಬ ತಾನು ನೋಡಿದ ಸಿನಿಮಾಗಳಿಂದ ಕಲಿತ ಬುದ್ಧಿಯಿಂದಲೇ ಸಂಸಾರವನ್ನು ಕಾಪಾಡಿಕೊಳ್ಳುತ್ತಾನೆ. ಗುಲಾಬಿಯೂ ಅಷ್ಟೇ ಸಿನಿಮಾ ನೋಡಿದವಳು. ಅವಳನ್ನು ಯಾವ ಸಿನಿಮಾವೂ ಕಾಪಾಡಲಿಲ್ಲ. ಕರಾವಳಿಯಲ್ಲಿ ಆಮೇಲೆ ನಡೆದದ್ದನ್ನೆಲ್ಲ ಕಂಡವರು ಈ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೂ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಆ ಒಂದೇ ದಶಕದಲ್ಲಿ ಕನ್ನಡಕ್ಕೆ ಎರಡು ಸಲ ಈ ಗೌರವ ಸಂದಿತು, ಎರಡು ಸಲವೂ ಮುಸ್ಲಿಮ್ ಸ್ತ್ರೀಯ ಪಾತ್ರಕ್ಕೆ. ಗಂಡ ಬಿಟ್ಟ ಮುಸ್ಲಿಮ್ ಹೆಂಗಸರ ಪಾತ್ರಕ್ಕೆ! ನಮ್ಮ ಹೆಂಗಸರ ಅಳಲನ್ನು ಕಾಸರವಳ್ಳಿ ಕೇಳಿಸಿಕೊಂಡರು, ತಾರಾ ಕೇಳಿಸಿಕೊಂಡರು, ಉಮಾಶ್ರೀ ಕೇಳಿಸಿಕೊಂಡರು, ದಿಲ್ಲಿಯ ತೀರ್ಪುಗಾರರು ಕೇಳಿಸಿಕೊಂಡರು. ಮಸೀದಿ ಕಮಿಟಿಯ ಕೊಠಡಿಗೆ ಮಾತ್ರ ಅದು ಕೇಳಿಸಲಿಲ್ಲ.

ಎಲ್ಲ ಚಿತ್ರಗಳನ್ನೂ ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. 2011ರ ಸಾಲಿನ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವನ್ನು ಹಂಚಿಕೊಂಡ ‘ಬ್ಯಾರಿ’ಯ ಬಗ್ಗೆ ನಮಗೆ ತಕರಾರಿದೆ. ಬ್ಯಾರಿ ಭಾಷೆಗೆ ಸಿಕ್ಕ ಆ ಮನ್ನಣೆ ದೊಡ್ಡದು, ನಿಜ. ಆದರೆ ಒಂದು ಜನಾಂಗದ ನಗು, ಊಟ, ಹಾಡು, ದುಡಿಮೆಗಳೆಲ್ಲ ಹಿಂದೆ ಸರಿದು ತಲಾಖ್ ಒಂದೇ ಅದರ ಗುರುತಾಗಿಬಿಟ್ಟರೆ ಹೇಗೆ? ತನ್ನ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಸಾರಾ ಅಬೂಬಕ್ಕರ್ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮುಸ್ಲಿಮ್ ಹೆಣ್ಣಿನ ಹಕ್ಕಿನ ಬಗೆಗಿನ ಚಿತ್ರದಲ್ಲಿ ಒಬ್ಬ ಮುಸ್ಲಿಮ್ ಲೇಖಕಿಯ ಹಕ್ಕಿಗಾಗಿ ಕೋರ್ಟು ಮೆಟ್ಟಿಲೇರಬೇಕಾದದ್ದು ಎಂತಹ ವಿಪರ್ಯಾಸ! ಇಂತಹ ತಕರಾರನ್ನು ಎತ್ತಲೂ ಚಿತ್ರವನ್ನು ನೋಡಿರಬೇಕು. ನೋಡದವನ ಟೀಕೆಗೆ ಚಿಕ್ಕಾಸಿನ ಬೆಲೆಯಿಲ್ಲ.

ಮೆಣಸಿನ ವ್ಯಾಪಾರಿ ಮೂರು ಸಲ ನೋಡಿದ ‘ನಿಕಾಹ್’ 1982ರದು, ಬಿ.ಆರ್. ಚೋಪ್ರಾ ಅವರದು. ಒಂದೇ ಉಸಿರಿಗೆ ತಲ್ಲಾಖ್ ಹೇಳಿಸಿಕೊಂಡ ಹೆಣ್ಣಿನ ಪ್ರಶ್ನೆಯನ್ನೇ ಅದೂ ಎತ್ತಿತ್ತು. ನಮ್ಮ ತಾಯಂದಿರ ತಲೆಮಾರು ಅದರ ಹಾಡುಗಳನ್ನು ಅಡುಗೆಮನೆಯಲ್ಲಿ ಗುನುಗಿತು. ಆಗಲೂ ವಿರೋಧವಿತ್ತು, ಆದರೆ ಮನೆಮನೆಯಲ್ಲಿ ಮಾತು ನಡೆಯಿತು. ಅದಕ್ಕೂ ಹಿಂದೆ ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ‘ಗರಂ ಹವಾ’ ಮಾಡಿದರು. ವಿಭಜನೆಯ ನಂತರ ಆಗ್ರಾದಲ್ಲಿ ಉಳಿದ ಚಪ್ಪಲಿ ಕಾರ್ಖಾನೆಯ ಸಲೀಂ ಮಿರ್ಜಾನ ಕಥೆ. ಗಲಭೆಯಾದೀತೆಂದು ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ತಡೆದ ಆ ಚಿತ್ರ ಕೊನೆಗೆ 1974ರಲ್ಲಿ ಬಿಡುಗಡೆಯಾಗಿದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ, ಬಾಡಿಗೆಗೆ ಮನೆ ಸಿಗುವುದಿಲ್ಲ, ಮಗನಿಗೆ ಕೆಲಸವಿಲ್ಲ. ಆದರೂ ಮಿರ್ಜಾ ಕೊನೆಗೆ ರೈಲು ಹತ್ತುವುದಿಲ್ಲ. ಮೆರವಣಿಗೆಯ ಜನರೊಡನೆ ಸೇರುತ್ತಾನೆ. ಮನೆ ಬಾಡಿಗೆಗೆ ಅಲೆಯುವ ಇಂದಿನ ಮುಸ್ಲಿಮ್ ಯುವಕನಿಗೆ ಅದು ಐವತ್ತು ವರ್ಷ ಹಳೆಯ ಚಿತ್ರವೆನಿಸಲಾರದು.

ಹೊಡೆದಾಟವಿಲ್ಲದ್ದು ಮಕ್ಕಳಿಗೆ ರುಚಿಸುವುದಿಲ್ಲವೆಂಬ ಮಾತನ್ನು ನಾವು ನಂಬುವುದಿಲ್ಲ. ಇರಾನಿನ ಮಜೀದ್ ಮಜೀದಿ 1997ರಲ್ಲಿ ಮಾಡಿದ ‘ಚಿಲ್ಡ್ರನ್ ಆಫ್ ಹೆವನ್’ನಲ್ಲಿ ಇರುವುದು ಅಣ್ಣ, ತಂಗಿ ಮತ್ತು ಕಳೆದುಹೋದ ಒಂದು ಜೊತೆ ಬೂಟು. ಉಳಿದ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡು, ಒಬ್ಬರು ಓಡಿ ಬಂದ ಮೇಲೆ ಇನ್ನೊಬ್ಬರು ಶಾಲೆಗೆ ಓಡಬೇಕು. ಮೂರನೆಯ ಬಹುಮಾನಕ್ಕೆ ಬೂಟಿದೆಯೆಂದು ಅಣ್ಣ ಓಟದ ಸ್ಪರ್ಧೆಗೆ ಸೇರುತ್ತಾನೆ, ತಪ್ಪಿ ಮೊದಲನೆಯವನಾಗಿಬಿಡುತ್ತಾನೆ. ಮೊದಲ ಸ್ಥಾನ ಬಂದದ್ದಕ್ಕೆ ಅಳುವ ಆ ಹುಡುಗನನ್ನು ಕಂಡು ಕರಗದ ಮಗುವನ್ನು ನಾವು ಕಂಡಿಲ್ಲ. ಆಸ್ಕರ್ ಸ್ಪರ್ಧೆಗೆ ನಾಮನಿರ್ದೇಶನಗೊಂಡ ಮೊದಲ ಇರಾನಿ ಚಿತ್ರ ಇದು. ಮಲಯಾಳ ಬಲ್ಲ ಮನೆಗಳು ಆನೇಮಹಲ್ ಸುತ್ತಮುತ್ತ ಬೇಕಾದಷ್ಟಿವೆ. ಅವರಿಗೆ 2018ರ ‘ಸುಡಾನಿ ಫ್ರಮ್ ನೈಜೀರಿಯಾ’ ಇದೆ. ಮಲಪ್ಪುರದ ಇಬ್ಬರು ಮುದಿ ಉಮ್ಮಂದಿರು ಕಾಲು ಮುರಿದುಕೊಂಡ ಪರದೇಶಿ ಫುಟ್ಬಾಲ್ ಆಟಗಾರನನ್ನು ಮಗನಂತೆ ಆರೈಕೆ ಮಾಡುವ ಚಿತ್ರ. ಅದರಲ್ಲಿ ಡಾನ್ ಇಲ್ಲ, ಪ್ರಾಣ ಕೊಡುವ ಚಾಚಾನೂ ಇಲ್ಲ. ನಮ್ಮ ಮನೆಗಳಲ್ಲಿ ಇರುವಂತಹ ಮನುಷ್ಯರಿದ್ದಾರೆ.

ಸಮುದಾಯದ ಸಂಘಟನೆಗಳು, ಮಹಲ್ಲು ಜಮಾಅತ್‌ಗಳು ಈಗ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ನಮ್ಮ ಪಟ್ಟಣಗಳಲ್ಲಿ ಮದುವೆ ಸಭಾಂಗಣಗಳಿಗೆ ಬರವಿಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ. ಶಾಲಾ ರಜೆಯಲ್ಲಿ ತಿಂಗಳಿಗೊಂದು ಚಿತ್ರ, ಅದರ ಮೇಲೆ ಒಂದು ಗಂಟೆ ಚರ್ಚೆ. ಹಾಡಿನ ಬಗ್ಗೆ, ದೃಶ್ಯದ ಬಗ್ಗೆ ಆಕ್ಷೇಪವಿರುವ ವಿದ್ವಾಂಸರು ಬಂದು ಅಲ್ಲಿಯೇ ಆಕ್ಷೇಪಿಸಲಿ, ಹುಡುಗರು ಅಲ್ಲಿಯೇ ಮರುಪ್ರಶ್ನೆ ಕೇಳಲಿ. ಮೊದಲು ಮಜೀದಿಯ ಚಿತ್ರ ಇಡಿ, ಮಕ್ಕಳು ಬರುತ್ತಾರೆ. ಆಮೇಲೆ ಮುಸ್ತಫಾ, ಅದಕ್ಕೆ ನೆರೆಹೊರೆಯ ಹಿಂದೂ ಮಿತ್ರರನ್ನೂ ಕರೆಯಿರಿ. ‘ಹಸೀನಾ’ ತೋರಿಸುವ ದಿನ ತಾಲೂಕಿನ ಎಲ್ಲ ಮುತವಲ್ಲಿಗಳಿಗೂ ಲಿಖಿತ ಆಹ್ವಾನ ಹೋಗಬೇಕು. ಅಂದು ಮುಂದಿನ ಸಾಲುಗಳು ಮಹಿಳೆಯರಿಗಿರಲಿ, ಚಿತ್ರ ಮುಗಿದ ಮೇಲೆ ಮೊದಲ ಮಾತೂ ಅವರದೇ ಆಗಿರಲಿ.